ಲೋಡಿಂಗ್ ಸ್ಕ್ರೀನ್ ಕಿತ್ತುಹಾಕುವ ಮುನ್ನ

ಹೊಸದಾಗಿ ಮಾಡಿಂಗ್‌ಗೆ ಇಳಿದಿರುವ ತಮ್ಮನಿಗೆ, ತಂಗಿಗೆ ಈ ಮಾತು. ಸ್ಕೈರಿಮ್ ಆಡುವಾಗ ವೈಟ್‌ರನ್ ಊರಿನ ಹೆಬ್ಬಾಗಿಲು ಮುಟ್ಟಿದೊಡನೆ ಲೋಡಿಂಗ್ ಸ್ಕ್ರೀನ್ ಬಂದು, ಒಂದಷ್ಟು ಹೊತ್ತು ಕಾಯಿಸಿ, ಆಮೇಲೆ ಒಳಗೆ ಬಿಡುತ್ತದಲ್ಲ, ಅದನ್ನು ಕಿತ್ತುಹಾಕಬೇಕು ಅಂತ ನಿನಗೂ ಅನ್ನಿಸಿರುತ್ತದೆ. ಬೆಟ್ಟದ ಕಡೆಯಿಂದ ಕುದುರೆ ಓಡಿಸಿಕೊಂಡು ಬಂದು ನೇರ ಪೇಟೆ ಬೀದಿಗೆ ನುಗ್ಗಬೇಕು, ಆಕಾಶದಲ್ಲಿ ಹಾರುವ ಡ್ರ್ಯಾಗನ್ ಊರ ಮಾಡಿನ ಮೇಲೇ ಬಂದು ಕೂರಬೇಕು, ಎಲ್ಲೂ ತಡೆ ಇಲ್ಲದ ಒಂದೇ ಲೋಕ ಆಗಬೇಕು. ಈ ಆಸೆ ಒಳ್ಳೆಯದು. ಮಾಡಿಂಗ್ ಅನ್ನುವ ಕೆಲಸ ಬೆಳೆದಿರುವುದೇ ಇಂಥ ಆಸೆಗಳಿಂದ. ಅದನ್ನು ಕೈಬಿಡು ಅಂತ ನಾನು ಹೇಳುವುದಿಲ್ಲ.

ನಾನು ಹೇಳುವುದು ಇಷ್ಟೆ: ಗೋಡೆ ಕೆಡವುವ ಮೊದಲು ಅದನ್ನು ಅಲ್ಲಿ ಯಾಕೆ ಕಟ್ಟಿದರು ಅಂತ ತಿಳಿದುಕೋ. ಆಟದ ಎಂಜಿನ್‌ನಲ್ಲಿ ನಿನಗೆ ಎದುರಾಗುವ ಪ್ರತಿ ಮಿತಿಯ ಹಿಂದೆ ಒಂದು ಲೆಕ್ಕ ಇರುತ್ತದೆ. ಆ ಲೆಕ್ಕ ಗೊತ್ತಿದ್ದವರು ಮಿತಿಯೊಳಗೇ ಇದ್ದು ಲೋಕವನ್ನು ದೊಡ್ಡದಾಗಿ ಕಾಣಿಸುತ್ತಾರೆ. ಗೊತ್ತಿಲ್ಲದವರ ಕೆಲಸ ಬೇರೆಯವರ ಕಂಪ್ಯೂಟರಿನಲ್ಲಿ, ಬೇರೆಯವರ ಸೇವ್ ಫೈಲಿನಲ್ಲಿ ಮುರಿದು ಬೀಳುತ್ತದೆ. ವರ್ಷಗಟ್ಟಲೆ ದುಡಿದ ಎಷ್ಟೋ ಪ್ರತಿಭಾವಂತರು ಹೀಗೆ ಬೇಸತ್ತು ಕೈಚೆಲ್ಲಿದ್ದನ್ನು ಕಂಡಿದ್ದೇನೆ. ನಿನಗೆ ಹಾಗಾಗಬಾರದು ಅನ್ನುವ ಕಾಳಜಿಯಿಂದ ಒಂದಿಷ್ಟು ವಿಷಯ ಬಿಡಿಸಿ ಹೇಳುತ್ತೇನೆ.

ಮೊದಲು, ತೆರೆದ ಲೋಕ ಅನ್ನುವುದು ಎಂಜಿನ್‌ನ ಪಾಲಿಗೆ ಹೇಗಿರುತ್ತದೆ ಅಂತ ನೋಡು. ಸ್ಕೈರಿಮ್‌ನ ನೆಲ ಚೌಕ ಚೌಕ ಸೆಲ್‌ಗಳಾಗಿ ಹಂಚಿಹೋಗಿದೆ. ಒಂದು ಸೆಲ್‌ನ ಬದಿ 4096 ಯೂನಿಟ್. ಒಂದು ಯೂನಿಟ್ ಸುಮಾರು 1.43 ಸೆಂಟಿಮೀಟರ್, ಹಾಗಾಗಿ ಸೆಲ್‌ನ ಬದಿ ಹೆಚ್ಚುಕಡಿಮೆ 58.5 ಮೀಟರ್. ಆಟಗಾರ ನಿಂತ ಸೆಲ್ಲನ್ನು ನಡುವೆ ಇಟ್ಟುಕೊಂಡು ಅಡ್ಡಕ್ಕೆ 5, ಉದ್ದಕ್ಕೆ 5, ಒಟ್ಟು 25 ಸೆಲ್‌ಗಳನ್ನು ಮಾತ್ರ ಎಂಜಿನ್ ಪೂರ್ತಿಯಾಗಿ ತೆರೆದಿಡುತ್ತದೆ. ಅಂದರೆ 300 ಮೀಟರಿಗಿಂತ ತುಸು ಕಡಿಮೆ ಬದಿಯ ಒಂದು ಚೌಕ. ಆ ಚೌಕದೊಳಗೆ ಮಾತ್ರ ಜನ ನಡೆದಾಡುತ್ತಾರೆ, ಬುಟ್ಟಿ ಒದ್ದರೆ ಉರುಳುತ್ತದೆ, ಬಾಗಿಲು ತೆರೆಯುತ್ತದೆ. ಅದರಾಚೆ ಕಾಣುವ ಬೆಟ್ಟ, ಕಾಡು, ಗೋಪುರ ಎಲ್ಲವೂ ಎಲ್‌ಓಡಿ, ಅಂದರೆ ದೂರದಿಂದ ನೋಡಲಷ್ಟೇ ಮಾಡಿಟ್ಟ ಒರಟು ಆಕೃತಿಗಳು. ಆಟಗಾರ ಒಂದು ಸೆಲ್‌ನಿಂದ ಮುಂದಿನದಕ್ಕೆ ಕಾಲಿಟ್ಟರೆ ಮುಂದೆ ಐದು ಸೆಲ್‌ಗಳ ಒಂದು ಸಾಲು ತೆರೆಯುತ್ತದೆ, ಹಿಂದೆ ಒಂದು ಸಾಲು ಮುಚ್ಚಿಕೊಳ್ಳುತ್ತದೆ. ತಡೆಯಿಲ್ಲದ ಲೋಕ ಅಂತ ನಾವು ಕರೆಯುವುದು ಈ ತೆರೆಯುವ, ಮುಚ್ಚುವ ಕೆಲಸ ನಮ್ಮ ಕಣ್ಣಿಗೆ ಬೀಳದೆ ನಡೆಯುವುದನ್ನು.

ಈಗ ಊರುಗಳಿಗೆ ಬಾ. ರಿವರ್‌ವುಡ್, ಮಾರ್ಥಲ್, ಡಾನ್‌ಸ್ಟಾರ್‌ನಂಥ ಸಣ್ಣ ಊರುಗಳು ಹೊರಲೋಕದಲ್ಲೇ ಇವೆ, ಅಲ್ಲಿಗೆ ಹೋಗಲು ಕಾಯಬೇಕಿಲ್ಲ. ವೈಟ್‌ರನ್, ಸಾಲಿಟ್ಯೂಡ್, ವಿಂಡ್‌ಹೆಲ್ಮ್, ಮಾರ್ಕಾರ್ತ್, ರಿಫ್ಟನ್ ಎಂಬ ಗೋಡೆಯೊಳಗಿನ ಐದು ಊರುಗಳು ಮಾತ್ರ ಒಂದೊಂದೂ ತನ್ನದೇ ಆದ ವರ್ಲ್ಡ್‌ಸ್ಪೇಸ್‌ನಲ್ಲಿವೆ, ಅಂದರೆ ಹೊರಲೋಕದಿಂದ ಬೇರೆಯಾಗಿ ತೆರೆಯುವ ಲೋಕದಲ್ಲಿವೆ. ಯಾಕೆ ಹೀಗೆ? ಸ್ಕೈರಿಮ್ ಬಂದದ್ದು 2011ರ ನವೆಂಬರ್‌ನಲ್ಲಿ. ಅದು ಓಡಬೇಕಿದ್ದ ಎಕ್ಸ್‌ಬಾಕ್ಸ್ 360ರಲ್ಲಿ ಆಟಕ್ಕೂ ಚಿತ್ರಕ್ಕೂ ಸೇರಿ ಇದ್ದ ಮೆಮೊರಿ ಬರೀ 512 ಎಂಬಿ. ಪ್ಲೇಸ್ಟೇಷನ್ 3ರಲ್ಲಿ ಅಷ್ಟೇ ಮೆಮೊರಿ 256, 256 ಎಂದು ಎರಡು ಪಾಲಾಗಿತ್ತು. ಒಂದು ದೊಡ್ಡ ಊರಿನ ಮನೆ, ಅಂಗಡಿ, ಜನ, ದೀಪ ಎಲ್ಲವನ್ನೂ ಹೊರಗಿನ ಬಯಲಿನ ಜೊತೆಗೇ ಆ ಜಾಗದಲ್ಲಿ ಹಿಡಿಸುವುದು ಕಷ್ಟ. ಇದೇ ಸರಣಿಯಲ್ಲಿ 2002ರಲ್ಲಿ ಬಂದ ಮೋರೋವಿಂಡ್‌ನ ಊರುಗಳು ಬಯಲಿಗೆ ತೆರೆದುಕೊಂಡೇ ಇದ್ದವು. ಮಂಜು ಕವಿದ, ಕೆಲವೇ ಹೆಜ್ಜೆ ದೂರ ಕಾಣುವ ಲೋಕ ಅದು. 2006ರ ಆಬ್ಲಿವಿಯನ್‌ನಲ್ಲಿ ದೂರದೂರದ ಬೆಟ್ಟಗಳೂ ಕಾಣತೊಡಗಿದವು, ಜನರಿಗೆ ಅವರವರ ದಿನಚರಿ ಬಂತು, ದೊಡ್ಡ ಊರುಗಳು ಗೋಡೆಯೊಳಗೆ ಸೇರಿಕೊಂಡವು. ಒಂದು ಕಡೆ ಪಡೆದದ್ದಕ್ಕೆ ಇನ್ನೊಂದು ಕಡೆ ಬೆಲೆ ತೆರಬೇಕಾಯಿತು.

ಗದ್ದೆಯ ಬದು ಒಡೆದರೆ ಗದ್ದೆ ದೊಡ್ಡದಾಗುವುದಿಲ್ಲ, ನಿಂತಿದ್ದ ನೀರು ಹರಿದುಹೋಗುತ್ತದೆ. ಆ ನೀರಿಗೆ ದಾರಿ ಎಲ್ಲಿ ಅಂತ ಮೊದಲೇ ಗೊತ್ತುಮಾಡಿಕೊಂಡವರು ಮಾತ್ರ ಬದುವಿಗೆ ಕೈಹಾಕಬೇಕು.

ಈ ಊರುಗಳನ್ನು ಹೊರಲೋಕಕ್ಕೆ ತಂದು ಕೂರಿಸಿದ ಓಪನ್ ಸಿಟೀಸ್ ಎಂಬ ಮಾಡ್ ಇದೆ. ಆಬ್ಲಿವಿಯನ್‌ಗೂ ಇತ್ತು, ಸ್ಕೈರಿಮ್‌ಗೂ ಬಂತು. ಹಾಗಾಗಿ ಇದು ಆಗದ ಕೆಲಸವಲ್ಲ. ಆದರೆ ಅದಕ್ಕೆ ಏನೇನು ಬೇಕಾಗುತ್ತದೆ ಅಂತ ಗಮನಿಸು. ಊರಿನ ಒಂದೊಂದು ಮನೆ, ಕಂಬ, ಬೇಲಿ, ಬಾಗಿಲನ್ನು ಹೊರಗಿನ ವರ್ಲ್ಡ್‌ಸ್ಪೇಸ್‌ಗೆ ಸಾಗಿಸಬೇಕು. ಎನ್‌ಪಿಸಿಗಳು, ಅಂದರೆ ಎಂಜಿನ್ ನಡೆಸುವ ಪಾತ್ರಗಳು, ಎಲ್ಲೆಲ್ಲಿ ನಡೆಯಬಹುದು ಅಂತ ಹೇಳುವ ನ್ಯಾವ್‌ಮೆಶ್ಶನ್ನು ಹೊಸದಾಗಿ ಹಾಸಿ, ಸೆಲ್‌ನಿಂದ ಸೆಲ್‌ಗೆ ಅಂಚು ಕೂಡಿಸಬೇಕು. ಮನೆಗಳ ಬಾಗಿಲುಗಳು ಹೊರಬಿಡುವ ಜಾಗ ಬದಲಾಗಬೇಕು. ಇಷ್ಟಾದ ಮೇಲೂ ಇನ್ನೊಂದು ತೊಡಕು ಉಳಿಯುತ್ತದೆ. ವೈಟ್‌ರನ್‌ನಲ್ಲಿ ಒಂದು ಮರ ನೆಟ್ಟ, ಒಂದು ಅಂಗಡಿ ಹಾಕಿದ ಬೇರೆ ಮಾಡ್‌ಗಳೆಲ್ಲ ಅದನ್ನು ಇಟ್ಟಿರುವುದು ಹಳೆಯ, ಮುಚ್ಚಿದ ವೈಟ್‌ರನ್‌ನಲ್ಲಿ. ಅಲ್ಲಿಗೆ ಈಗ ಯಾರೂ ಹೋಗುವುದಿಲ್ಲ. ಹೊಸ ವೈಟ್‌ರನ್‌ನಲ್ಲಿ ಆ ಮರ ಕಾಣಬೇಕಾದರೆ ಪ್ರತಿ ಮಾಡ್‌ಗೂ ಒಂದು ಪ್ಯಾಚ್ ಬೇಕು. ಗೋಡೆ ಕೆಡವುವುದು ಒಮ್ಮೆ ಮಾಡಿ ಮುಗಿಸುವ ಕೆಲಸ, ಪ್ಯಾಚ್ ಕೊಡುವುದು ಮಾತ್ರ ವರ್ಷ ವರ್ಷವೂ ಹೊರಬೇಕಾದ ಹೊಣೆ. ನಿನಗೆ ಆ ಹೊಣೆಗೆ ಸಮಯ ಇದೆಯೇ ಅಂತ ಮೊದಲ ದಿನವೇ ಕೇಳಿಕೋ.

ಇಲ್ಲಿ ಹೊಸಬರು ಹಿಡಿಯುವ ಒಂದು ಅಡ್ಡದಾರಿ ಇದೆ. ಐಎನ್‌ಐ ಫೈಲಿನಲ್ಲಿ ಯು-ಗ್ರಿಡ್ಸ್-ಟು-ಲೋಡ್ ಅಂತ ಒಂದು ಸಾಲು. ಅದರ ಬೆಲೆ 5. ಅದನ್ನು 7 ಮಾಡಿದರೆ ಇನ್ನೂ ದೂರದವರೆಗೆ ಲೋಕ ಜೀವಂತವಾಗುತ್ತದೆ, 9 ಮಾಡಿದರೆ ಇನ್ನಷ್ಟು ಅನ್ನುವ ಸಲಹೆ ನಿನ್ನ ಕಿವಿಗೂ ಬಿದ್ದಿರಬಹುದು. ಲೆಕ್ಕ ಹಾಕು. 5ಕ್ಕೆ 25 ಸೆಲ್, 7ಕ್ಕೆ 49, 9ಕ್ಕೆ 81. ಸಂಖ್ಯೆ ಎರಡು ಹೆಜ್ಜೆ ಏರಿದರೆ ಹೊರೆ ಹತ್ತಿರ ಹತ್ತಿರ ಇಮ್ಮಡಿ, ನಾಲ್ಕು ಹೆಜ್ಜೆ ಏರಿದರೆ ಮೂರು ಪಟ್ಟಿಗೂ ಹೆಚ್ಚು. ಮೆಮೊರಿ ಇದ್ದರೆ ಅದೇನೋ ತಡೆದೀತು ಅನ್ನು. ಆದರೆ ಸೆಲ್ ತೆರೆದುಕೊಂಡಿತು ಅಂದರೆ ಅದರೊಳಗಿನ ಜನಕ್ಕೂ ಸ್ಕ್ರಿಪ್ಟ್‌ಗೂ ಜೀವ ಬಂತು ಅಂತಲೇ ಅರ್ಥ. ಆಟಗಾರ ಇನ್ನೂ ದೂರ ಇರುವಾಗಲೇ ಅಲ್ಲಿನ ಘಟನೆ ಶುರುವಾಗಿ, ಅವನು ತಲುಪುವಷ್ಟರಲ್ಲಿ ಮುಗಿದುಹೋಗಬಹುದು. ಕ್ವೆಸ್ಟ್ ಬರೆದವರು 25 ಸೆಲ್‌ಗಳ ಚೌಕವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದಾರೆ. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದು: ಹೆಚ್ಚಿಸಿದ ಸಂಖ್ಯೆಯಲ್ಲಿ ಆಡಿ ಸೇವ್ ಮಾಡಿದ ಫೈಲನ್ನು ಸಂಖ್ಯೆ ಇಳಿಸಿದ ಮೇಲೆ ತೆರೆಯಹೋದರೆ ಆಟ ಕುಸಿಯುತ್ತದೆ. ಆದ್ದರಿಂದ ಆ ಸಾಲಿನ ತಂಟೆಗೆ ಹೋಗಬೇಡ. ದೂರದ ನೋಟ ಚೆನ್ನಾಗಿರಬೇಕಾದರೆ ಡಿನ್‌ಡೋಲಾಡ್, ಎಕ್ಸ್‌ಲಾಡ್‌ಜೆನ್‌ನಂಥ ಸಾಧನಗಳಿಂದ ಎಲ್‌ಓಡಿಯನ್ನು ಹೊಸದಾಗಿ ಹುಟ್ಟಿಸಿಕೋ. ಕಣ್ಣಿಗೆ ಬೇಕಾದದ್ದು ಸಿಗುತ್ತದೆ, ಸ್ಕ್ರಿಪ್ಟ್‌ಗಳ ನಿದ್ದೆ ಕೆಡುವುದಿಲ್ಲ.

"ಹೊಸ ಕಂಪ್ಯೂಟರಿನಲ್ಲಿ ಈ ಮಿತಿಗಳೆಲ್ಲ ಎಲ್ಲಿರುತ್ತವೆ?" ಅಂತ ಕೇಳುವವರಿದ್ದಾರೆ. ಒಂದು ಮಟ್ಟಿಗೆ ನಿಜ. ಮೂಲ ಸ್ಕೈರಿಮ್ 32 ಬಿಟ್‌ನ ಆಟ. ನಿನ್ನ ಯಂತ್ರದಲ್ಲಿ ಎಷ್ಟೇ ರ‍್ಯಾಮ್ ಇರಲಿ, ಅದು 4 ಜಿಬಿಯಿಂದಾಚೆಗೆ ಕೈಚಾಚಲಾರದು. 2016ರಲ್ಲಿ ಬಂದ ಸ್ಪೆಷಲ್ ಎಡಿಷನ್ 64 ಬಿಟ್ ಆಯಿತು, ಆ ಕಟ್ಟು ಬಿಚ್ಚಿತು. ಆದರೆ ಮೆಮೊರಿ ಹೆಚ್ಚಾದರೂ ಎಂಜಿನ್ ಒಳಗಿನ ಸಂಖ್ಯೆಗಳ ಅಗಲ ಹೆಚ್ಚಾಗುವುದಿಲ್ಲ. ಆ ಮಿತಿಗಳು ದುಡ್ಡು ಕೊಟ್ಟರೆ ಹೋಗುವಂಥವಲ್ಲ. ಅವನ್ನು ನೀನು ಚೆನ್ನಾಗಿ ತಿಳಿದಿರಬೇಕು.

ಒಂದನ್ನು ಹತ್ತಿರದಿಂದ ನೋಡೋಣ. ಆಟದಲ್ಲಿರುವ ಪ್ರತಿ ಕತ್ತಿ, ಮನೆ, ಮನುಷ್ಯನಿಗೂ ಫಾರ್ಮ್ ಐಡಿ ಅನ್ನುವ ಗುರುತಿನ ಸಂಖ್ಯೆ ಇದೆ. ಹದಿನಾರರ ಎಣಿಕೆಯಲ್ಲಿ ಬರೆದ ಎಂಟು ಅಂಕಿ. ಮೊದಲ ಎರಡು ಅಂಕಿ ಆ ವಸ್ತು ಯಾವ ಪ್ಲಗಿನ್‌ನದು, ಅಂದರೆ ಆಟದ ಅಥವಾ ಮಾಡ್‌ನ ಯಾವ ಫೈಲಿನದು ಅಂತ ಹೇಳುತ್ತವೆ, ಉಳಿದ ಆರು ಆ ಪ್ಲಗಿನ್‌ನೊಳಗೆ ಅದು ಯಾವುದು ಅಂತ. ಎರಡು ಅಂಕಿಯಲ್ಲಿ ಬರೆಯಬಹುದಾದದ್ದು 256 ಸಂಖ್ಯೆ. ಕೊನೆಯದನ್ನು ಆಡುತ್ತಿರುವಾಗ ಹುಟ್ಟುವ ವಸ್ತುಗಳಿಗಾಗಿ ಎಂಜಿನ್ ಎತ್ತಿಟ್ಟುಕೊಂಡಿದೆ. ಉಳಿದದ್ದು 255. ಮೂಲ ಆಟವೂ ಅದರೊಳಗೇ ಸೇರಬೇಕು. 255 ಪ್ಲಗಿನ್‌ಗಳ ಮಿತಿ ಅಂತ ಎಲ್ಲರೂ ಹೇಳುವುದು ಇದನ್ನೇ, ಯಾರೋ ಮನಸ್ಸಿಗೆ ಬಂದಂತೆ ಹಾಕಿದ ನಿಯಮ ಅಲ್ಲ. ಮುಂದೆ ಸ್ಪೆಷಲ್ ಎಡಿಷನ್‌ನಲ್ಲಿ ಹಗುರ ಪ್ಲಗಿನ್‌ಗಳು, ಇಎಸ್‌ಎಲ್ ಅನ್ನುತ್ತಾರಲ್ಲ, ಅವು ಬಂದವು. 256ರ ಪಟ್ಟಿಯಲ್ಲಿ ಒಂದೇ ಒಂದು ಜಾಗವನ್ನು ಬಿಟ್ಟುಕೊಟ್ಟು, ಮುಂದಿನ ಮೂರು ಅಂಕಿಗಳನ್ನು ಪ್ಲಗಿನ್ ಗುರುತಿಗೆ ಬಳಸಿದರು. ಆ ಒಂದೇ ಜಾಗದಲ್ಲಿ 4096 ಹಗುರ ಪ್ಲಗಿನ್‌ಗಳು ಹಿಡಿಸಿದವು. ಅದರ ಬೆಲೆ ಏನು? ಒಂದೊಂದು ಹಗುರ ಪ್ಲಗಿನ್‌ನಲ್ಲೂ ಹೊಸ ದಾಖಲೆಗಳು 2048 ಮಾತ್ರ ಇರಬಹುದಾಗಿತ್ತು. ಆಮೇಲಿನ ಅಪ್‌ಡೇಟ್‌ನಲ್ಲಿ ಅದು 4096ಕ್ಕೆ ಏರಿತು. ಒಂದು ಅಂಕಿಯನ್ನು ಎಡಕ್ಕೆ ಕೊಟ್ಟರೆ ಬಲಕ್ಕೆ ಒಂದು ಕಡಿಮೆ, ಅಷ್ಟೆ. ಚಿಕ್ಕ ಮಾಡ್‌ಗಳಿಗೆ ಇದು ವರದಾನ. ಒಂದು ಪೂರ್ತಿ ಸೀಮೆಯನ್ನೇ ಕಟ್ಟುವವರಿಗೆ ಈ ಜಾಗ ಸಾಲದು.

ತೆರೆದ ಲೋಕ ಕಟ್ಟುವವರನ್ನು ಹೆಚ್ಚು ಕಾಡುವುದು ಇನ್ನೊಂದು ಎಣಿಕೆ. ಲೋಕದಲ್ಲಿ ಇಟ್ಟ ಒಂದೊಂದು ವಸ್ತುವನ್ನೂ ಎಂಜಿನ್ ರೆಫರೆನ್ಸ್ ಹ್ಯಾಂಡಲ್ ಎಂಬ ಹಿಡಿಕೆಯಿಂದ ಹಿಡಿದಿರುತ್ತದೆ. ಸ್ಕೈರಿಮ್‌ನಲ್ಲಿ ಒಂದೇ ಹೊತ್ತಿಗೆ ಇರಬಹುದಾದ ಹಿಡಿಕೆಗಳು 10,48,576, ಅಂದರೆ ಇಪ್ಪತ್ತು ಬಿಟ್‌ನಲ್ಲಿ ಹಿಡಿಸುವಷ್ಟು. ಹತ್ತು ಲಕ್ಷ ಅಂದರೆ ಬೇಕಾದಷ್ಟಾಯಿತು ಅನ್ನಿಸುತ್ತದೆ. ಆದರೆ ಮಾಸ್ಟರ್ ಅಂತ ಗುರುತು ಹಾಕದ ಪ್ಲಗಿನ್ ಆಗಿದ್ದರೆ, ಅದರಲ್ಲಿಟ್ಟ ಪ್ರತಿ ಕಲ್ಲು, ಪ್ರತಿ ಪೊದೆ ಆಟ ಶುರುವಾದಾಗಿನಿಂದಲೇ ಒಂದೊಂದು ಹಿಡಿಕೆ ತಿನ್ನುತ್ತದೆ, ಆಟಗಾರ ಆ ಕಡೆ ಸುಳಿಯದಿದ್ದರೂ. ಮಾಸ್ಟರ್ ಗುರುತಿದ್ದರೆ ತಾತ್ಕಾಲಿಕ ವಸ್ತುಗಳು ಆ ಸೆಲ್ ತೆರೆದಾಗ ಮಾತ್ರ ಲೆಕ್ಕಕ್ಕೆ ಬರುತ್ತವೆ. ನಿನ್ನ ಮಾಡ್ ಒಂದೇ ಇದ್ದಾಗ ಎಲ್ಲ ಸರಿಯಾಗಿಯೇ ಓಡುತ್ತದೆ. ನೂರಾರು ಮಾಡ್ ಹಾಕಿಕೊಂಡಿರುವ ಒಬ್ಬರ ಮನೆಯಲ್ಲಿ ಒಟ್ಟು ಎಣಿಕೆ ಮಿತಿ ದಾಟಿ ಆಟ ಕುಸಿದಾಗ, ಕಾರಣ ನಿನ್ನ ಹುಲ್ಲುಗಾವಲಿನ ಪೊದೆಗಳು ಅಂತ ಯಾರಿಗೂ ಹೊಳೆಯುವುದೂ ಇಲ್ಲ. ದೊಡ್ಡ ಭೂಭಾಗ ಕಟ್ಟುವೆಯಾದರೆ ಈ ಗುರುತಿನ ವಿಷಯವನ್ನು ಮೊದಲು ಓದಿಕೊಂಡು ಆಮೇಲೆ ಮೊದಲ ಕಲ್ಲು ಇಡು.

ಮೂರನೆಯದು ದೂರದ ಮಿತಿ. ಲೋಕದಲ್ಲಿ ಒಂದು ವಸ್ತು ಎಲ್ಲಿದೆ ಅಂತ ಎಂಜಿನ್ 32 ಬಿಟ್‌ನ ದಶಮಾಂಶ ಸಂಖ್ಯೆಯಲ್ಲಿ ಬರೆದುಕೊಳ್ಳುತ್ತದೆ. ಅದರಲ್ಲಿ ನಿಖರತೆಗೆ ಸಿಗುವುದು 24 ಬಿಟ್. ಸಂಖ್ಯೆ ದೊಡ್ಡದಾದಷ್ಟೂ ಎರಡು ಪಕ್ಕದ ಬೆಲೆಗಳ ನಡುವಿನ ಅಂತರ ಹಿಗ್ಗುತ್ತದೆ. ಸ್ಕೈರಿಮ್‌ನ ಅಳತೆಯಲ್ಲೇ ಹೇಳುವುದಾದರೆ, ಲೋಕದ ನಡುಬಿಂದುವಿನಿಂದ 16 ಸೆಲ್ ದೂರದಲ್ಲಿ, ಅಂದರೆ ಒಂದು ಕಿಲೋಮೀಟರಿಗೆ ತುಸು ಒಳಗೆ, ಆ ಅಂತರ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. 256 ಸೆಲ್ ದೂರದಲ್ಲಿ, ಸುಮಾರು 15 ಕಿಲೋಮೀಟರ್ ಆಚೆ, ಅದು ಹತ್ತಿರ ಹತ್ತಿರ 2 ಮಿಲಿಮೀಟರ್. 120 ಕಿಲೋಮೀಟರಿಗೆ ಒಂದೂವರೆ ಸೆಂಟಿಮೀಟರಿನ ಸಮೀಪ. ಗೋಡೆ ಎರಡು ಮಿಲಿಮೀಟರ್ ಆಚೀಚೆ ಆದರೆ ಯಾರಿಗೆ ಕಾಣುತ್ತದೆ ಅನ್ನಬೇಡ. ಬೆರಳಿನ ಕೀಲು, ಕ್ಯಾಮೆರಾ, ಮೇಜಿನ ಮೇಲಿಟ್ಟ ಬಟ್ಟಲು, ಇವೆಲ್ಲ ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಕೂದಲೆಳೆಯಷ್ಟೇ ಸರಿಯಬೇಕು. ಆ ಕೂದಲೆಳೆಯನ್ನು ಬರೆದುಕೊಳ್ಳಲು ಸಂಖ್ಯೆಯಲ್ಲಿ ಜಾಗವೇ ಇಲ್ಲದಾಗ ಕೈ ನಡುಗುತ್ತದೆ, ನೆರಳು ಕುಣಿಯುತ್ತದೆ, ಬಟ್ಟಲು ತಾನಾಗಿ ಜಿಗಿಯುತ್ತದೆ.

ದೂರ ಹೋದಷ್ಟೂ ಲೆಕ್ಕ ಕೈಕೊಡುವುದನ್ನು ಬೇರೆ ಆಟಗಳಲ್ಲೂ ಜನ ಕಣ್ಣಾರೆ ಕಂಡಿದ್ದಾರೆ. ಮೈನ್‌ಕ್ರಾಫ್ಟ್‌ನ ಹಳೆಯ ಬೀಟಾ ಆವೃತ್ತಿಗಳಲ್ಲಿ ನಡುಬಿಂದುವಿನಿಂದ ಸುಮಾರು 1 ಕೋಟಿ 25 ಲಕ್ಷ ಬ್ಲಾಕ್ ದೂರ ಹೋದರೆ ನೆಲ ಹುಟ್ಟಿಸುವ ಲೆಕ್ಕವೇ ತಪ್ಪಿ, ವಿಚಿತ್ರ ಗೋಡೆಗಳಂತೆ ಭೂಮಿ ಎದ್ದು ನಿಲ್ಲುತ್ತಿತ್ತು. ಫಾರ್ ಲ್ಯಾಂಡ್ಸ್ ಅಂತ ಅದಕ್ಕೆ ಹೆಸರೇ ಬಂತು. 2011ರ ಬೀಟಾ 1.8ರಲ್ಲಿ ಅದು ಹೋಯಿತು. ಕರ್ಬಲ್ ಸ್ಪೇಸ್ ಪ್ರೋಗ್ರಾಂ ಆಡುವವರು ದೂರದ ಬಾಹ್ಯಾಕಾಶದಲ್ಲಿ ನೌಕೆ ತಾನಾಗಿ ನಡುಗಿ ಚೂರಾಗುವುದಕ್ಕೆ ಕ್ರಾಕನ್ ಅನ್ನುತ್ತಿದ್ದರು. ಆಟಗಾರನನ್ನೇ ನಡುಬಿಂದುವಿನ ಬಳಿ ಇಟ್ಟು ಲೋಕವನ್ನು ಸರಿಸುವ ಉಪಾಯದಿಂದ ಅದನ್ನು ಹತೋಟಿಗೆ ತಂದರು. 2002ರ ಡಂಜನ್ ಸೀಜ್ ಇನ್ನೊಂದು ದಾರಿ ಹಿಡಿಯಿತು. ಇಡೀ ಲೋಕಕ್ಕೆ ಒಂದು ನಡುಬಿಂದುವನ್ನೇ ಇಡದೆ, ನೆಲದ ಪ್ರತಿ ತುಂಡಿಗೂ ಅದರದೇ ಅಳತೆ ಕೊಟ್ಟು, ತುಂಡಿನಿಂದ ತುಂಡಿಗೆ ಬಾಗಿಲು ಜೋಡಿಸಿದಂತೆ ಜೋಡಿಸಿತು. ಅನ್‌ರಿಯಲ್ ಎಂಜಿನ್ 5 ಸ್ಥಾನದ ಲೆಕ್ಕಕ್ಕೆ 64 ಬಿಟ್ ಸಂಖ್ಯೆಗಳನ್ನು ತಂದಿತು. ಗಮನಿಸು, ಇವೆಲ್ಲ ಎಂಜಿನ್‌ನ ಬುಡದಲ್ಲಿ ಆಗುವ ಕೆಲಸ. ಮೇಲಿನಿಂದ ಮಾಡ್ ಕೂರಿಸುವ ನಮಗೆ ಆ ಬುಡಕ್ಕೆ ಕೈ ಎಟಕುವುದಿಲ್ಲ. ಎಟಕುವುದು ಒಂದೇ, ನಮ್ಮ ನೆಲವನ್ನು ಎಲ್ಲಿ ಇಡಬೇಕು ಅನ್ನುವ ತೀರ್ಮಾನ.

ಆ ತೀರ್ಮಾನವನ್ನು ಚೆನ್ನಾಗಿ ಮಾಡಿದವರಿಂದ ಕಲಿ. ಸ್ಕೈರಿಮ್‌ಗೆ ಅಕ್ಕಪಕ್ಕದ ಪ್ರಾಂತ್ಯಗಳನ್ನು ಕಟ್ಟುತ್ತಿರುವ ಬಿಯಾಂಡ್ ಸ್ಕೈರಿಮ್ ಬಳಗ 2017ರಲ್ಲಿ ಬ್ರೂಮಾ ಸೀಮೆಯನ್ನು ಹೊರತಂದಿತು. ಅದನ್ನು ಮೂಲ ನೆಲದ ಅಂಚಿಗೆ ಅಂಟಿಸಲು ಹೋಗಲಿಲ್ಲ. ಗಡಿಯ ಕಣಿವೆಯಲ್ಲಿ ಒಂದು ದ್ವಾರ ಇಟ್ಟು, ಅದರಾಚೆಗೆ ಬೇರೆಯೇ ವರ್ಲ್ಡ್‌ಸ್ಪೇಸ್ ಮಾಡಿದರು. ಗಡಿ ದಾಟುವಾಗ ಒಂದು ಲೋಡಿಂಗ್ ಸ್ಕ್ರೀನ್ ಬರುತ್ತದೆ. ನಾಡಿನಿಂದ ನಾಡಿಗೆ ಹೋಗುವಾಗ ಗಡಿಯಲ್ಲಿ ನಿಲ್ಲುವುದು ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ತಡೆಯನ್ನು ಅವರು ತೆಗೆಯಲಿಲ್ಲ, ಕಥೆಗೆ ಒಪ್ಪುವ ಜಾಗದಲ್ಲಿ ಇಟ್ಟರು. ಇತ್ತ ಮೋರೋವಿಂಡ್‌ನ ಹೊರಲೋಕವೆಲ್ಲ ಒಂದೇ ಹಾಸಾಗಿರುವುದರಿಂದ, ಟಾಮ್ರಿಯೆಲ್ ರೀಬಿಲ್ಟ್ ಬಳಗ ಕಡಲಾಚೆಯ ಮುಖ್ಯಭೂಮಿಯನ್ನು ಅದೇ ಹಾಸಿಗೆ ಕೂಡಿಸುತ್ತಾ ಬಂದಿದೆ. ಎರಡು ದಶಕ ದಾಟಿದರೂ ಕೆಲಸ ನಿಂತಿಲ್ಲ. ಕಾರಣ, ಅವರು ಇಡೀ ನಾಡು ಮುಗಿಯಲಿ ಅಂತ ಕಾಯುತ್ತ ಕೂರಲಿಲ್ಲ. ಒಂದು ಪ್ರದೇಶ ಮುಗಿದಂತೆ ಅದನ್ನು ಜನರ ಕೈಗಿತ್ತರು.

ತಡೆಯನ್ನು ಮರೆಸುವ ಕಲೆ ಎಷ್ಟು ದೊಡ್ಡದು ಅನ್ನುವುದಕ್ಕೆ ನಮ್ಮ ಊರುಗಳ ಸೈಬರ್ ಸೆಂಟರ್‌ಗಳಲ್ಲಿ ಒಂದು ಪೀಳಿಗೆಯೇ ಆಡಿ ಬೆಳೆದ ಜಿಟಿಎ ಸ್ಯಾನ್ ಆಂಡ್ರಿಯಾಸ್ ಇದೆ. 2004ರ ಆಟ. ಅದು ಮೊದಲು ಓಡಿದ ಪ್ಲೇಸ್ಟೇಷನ್ 2ರಲ್ಲಿ ಮುಖ್ಯ ಮೆಮೊರಿ 32 ಎಂಬಿ. ಅದಕ್ಕೂ ಹಿಂದಿನ ವೈಸ್ ಸಿಟಿಯಲ್ಲಿ ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗುವಾಗ ಕಾಯಬೇಕಿತ್ತು. ಇದರಲ್ಲಿ ಮೂರು ನಗರ, ನಡುವೆ ಹಳ್ಳಿ, ಮರುಭೂಮಿ, ಬೆಟ್ಟ, ಎಲ್ಲೂ ನಿಲ್ಲಿಸದ ರಸ್ತೆ. ದೂರವನ್ನು ಮಬ್ಬು ನುಂಗುತ್ತಿತ್ತು, ರಸ್ತೆಗಳು ಬಳಸಿ ಬಳಸಿ ಹೋಗುತ್ತಿದ್ದವು. ಹಾಗಾಗಿ ಆ ನಾಡು ನಿಜಕ್ಕೂ ವಿಶಾಲ ಅನ್ನಿಸುತ್ತಿತ್ತು. 2021ರಲ್ಲಿ ಅದರ ಹೊಸ ರೂಪ ಬಂದಾಗ ಆ ಮಬ್ಬು ಇರಲಿಲ್ಲ. ಎತ್ತರದಲ್ಲಿ ನಿಂತರೆ ಒಂದು ನಗರದಿಂದ ಇನ್ನೊಂದು ನಗರ ಕಾಣತೊಡಗಿತು, ಇಡೀ ನಾಡು ಚಿಕ್ಕದಾಗಿ ಹೋಯಿತು ಅಂತ ಆಡುವವರೇ ದೂರಿದರು. ನಂತರದ ಅಪ್‌ಡೇಟ್‌ಗಳಲ್ಲಿ ಮಬ್ಬನ್ನು ಮರಳಿ ತರಬೇಕಾಯಿತು. ನಕ್ಷೆ ಒಂದಿಂಚೂ ಕುಗ್ಗಿರಲಿಲ್ಲ. ಮಿತಿಯನ್ನು ಮುಚ್ಚಿದ್ದ ಜಾಣ್ಮೆ ಹೋಗಿತ್ತು, ಅಷ್ಟೆ. ಲೋಕ ದೊಡ್ಡದು ಅನ್ನುವ ಭಾವ ಎಲ್ಲಿಂದ ಬರುತ್ತದೆ ಅಂತ ಇದನ್ನು ನೋಡಿ ಯೋಚಿಸು.

ಇನ್ನು ಕೊನೆಯ ಮಿತಿ, ನೆರೆಹೊರೆಯದು. ಇದನ್ನು ಯಾವ ಎಂಜಿನ್ ಬಂದರೂ ತೆಗೆಯಲಾಗದು, ಹಾಗಾಗಿ ಹೆಚ್ಚು ಗಮನ ಕೊಡು. ಸ್ಕೈರಿಮ್‌ನ ಒಂದು ಸೆಲ್‌ನ ನೆಲ 33 ಅಡ್ಡ, 33 ಉದ್ದದ ಬಿಂದುಗಳ ಜಾಲರಿ. ಬಿಂದುವಿನಿಂದ ಬಿಂದುವಿಗೆ 128 ಯೂನಿಟ್. ಮೂವತ್ತೆರಡು ಸಂದು, 128ರಂತೆ, ಒಟ್ಟು 4096. ಒಂದು ಸೆಲ್‌ನ ಕೊನೆಯ ಸಾಲು, ಪಕ್ಕದ ಸೆಲ್‌ನ ಮೊದಲ ಸಾಲು, ಎರಡೂ ಇರುವುದು ಒಂದೇ ಗೆರೆಯ ಮೇಲೆ. ಆದರೆ ಎತ್ತರವನ್ನು ಎರಡೂ ಸೆಲ್‌ಗಳು ಬೇರೆ ಬೇರೆಯಾಗಿ ಬರೆದಿಟ್ಟುಕೊಳ್ಳುತ್ತವೆ. ನೀನು ಒಂದು ಗುಡ್ಡ ಎತ್ತರಿಸಿದೆ ಅನ್ನು. ಎಡಿಟರ್ ಎರಡೂ ಸೆಲ್‌ಗಳ ಅಂಚನ್ನು ಸರಿಮಾಡಿ ನಿನ್ನ ಪ್ಲಗಿನ್‌ನಲ್ಲಿ ಬರೆಯುತ್ತದೆ. ಪಕ್ಕದ ಸೆಲ್‌ನಲ್ಲಿ ಇನ್ನೊಬ್ಬರು ಒಂದು ಕೆರೆ ತೋಡಿದ್ದಾರೆ, ಅವರ ಪ್ಲಗಿನ್ ನಿನ್ನದಕ್ಕಿಂತ ಆಮೇಲೆ ಲೋಡ್ ಆಗುತ್ತದೆ. ಕೊನೆಗೆ ಬಂದವರ ಮಾತೇ ನಡೆಯುವುದು ಈ ಎಂಜಿನ್‌ನ ನಿಯಮ. ಪಕ್ಕದ ಸೆಲ್‌ನ ನೆಲ ಪೂರ್ತಿ ಅವರದಾಗುತ್ತದೆ, ನಿನ್ನ ಸೆಲ್ ನಿನ್ನದಾಗಿ ಉಳಿಯುತ್ತದೆ, ನಡುವೆ ನೆಲ ಸೀಳಿ ಬಾಯ್ಬಿಡುತ್ತದೆ. ಇಬ್ಬರ ಕೆಲಸದಲ್ಲೂ ಬಿಡಿಯಾಗಿ ನೋಡಿದರೆ ದೋಷವಿಲ್ಲ.

ಫಾಲ್ಔಟ್ 4ರಲ್ಲಿ ಇದು ಇನ್ನೂ ಸೂಕ್ಷ್ಮ. 2015ರ ಆ ಆಟದಲ್ಲಿ ಬಾಸ್ಟನ್ ನಗರದ ದಟ್ಟ ಕಟ್ಟಡಗಳನ್ನು ಒಂದೊಂದಾಗಿ ಚಿತ್ರಿಸಿದರೆ ಯಂತ್ರ ಸೋಲುತ್ತದೆ ಅಂತ, ಸೆಲ್‌ನ ಹತ್ತಾರು ವಸ್ತುಗಳನ್ನು ಮೊದಲೇ ಒಟ್ಟುಗೂಡಿಸಿ, ಎಲ್ಲಿಂದ ಯಾವುದು ಕಾಣುತ್ತದೆ ಅನ್ನುವ ಲೆಕ್ಕವನ್ನೂ ಮೊದಲೇ ಬರೆದಿಟ್ಟಿದ್ದಾರೆ. ಹಾಗೆ ಒಟ್ಟುಗೂಡಿಸಿದ್ದರಲ್ಲಿ ಒಂದು ಮುರುಕು ಕುರ್ಚಿಯನ್ನು ನಿನ್ನ ಮಾಡ್ ಸರಿಸಿದರೂ ಸಾಕು, ಆ ಸಿದ್ಧಲೆಕ್ಕ ಅಲ್ಲಿ ಕೆಲಸಕ್ಕೆ ಬಾರದಂತಾಗಿ ಆಟ ನಿಧಾನವಾಗುತ್ತದೆ. ಮುಟ್ಟಬೇಕಾದದ್ದನ್ನಷ್ಟೇ ಮುಟ್ಟು ಅನ್ನುವುದು ಈ ಕೆಲಸದ ಮೊದಲ ಶಿಸ್ತು. ಬಿಡುಗಡೆಗೆ ಮುಂಚೆ ಎಕ್ಸ್‌ಎಡಿಟ್ ಎಂಬ ಸಾಧನದಲ್ಲಿ ನಿನ್ನ ಪ್ಲಗಿನ್ ತೆರೆದು ಪ್ರತಿ ದಾಖಲೆಯನ್ನೂ ನೋಡು. ಮೌಸ್ ತಾಗಿ ಅಲುಗಿದ ಕಲ್ಲು, ಬೇಡದೆ ಬದಲಾದ ಸೆಲ್ ಇದ್ದರೆ ತೆಗೆದುಹಾಕು. ನಿನಗೆ ಒಂದು ಸಂಜೆಯ ಕೆಲಸ, ಹಾಕಿಕೊಳ್ಳುವವರಿಗೆ ಎಷ್ಟೋ ದಿನಗಳ ಗೋಳು ತಪ್ಪುತ್ತದೆ.

ಈಗ ಮಾಡಬೇಕಾದದ್ದರ ಬಗ್ಗೆ ನೇರವಾಗಿ ಹೇಳುತ್ತೇನೆ. ಇಡೀ ಪ್ರಾಂತ್ಯದ ನಕ್ಷೆ ಬರೆಯುವುದನ್ನು ಪಕ್ಕಕ್ಕಿಡು. ಒಂದೇ ಒಂದು ಸೆಲ್ ತೆಗೆದುಕೊಂಡು ನೆಲ, ಮರ, ನ್ಯಾವ್‌ಮೆಶ್, ಎಲ್‌ಓಡಿ, ಒಬ್ಬ ಎನ್‌ಪಿಸಿ, ಅವನ ದಿನಚರಿ, ಎಲ್ಲವನ್ನೂ ಕೊನೆಯವರೆಗೆ ಮುಗಿಸು. ಅದಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತ ಬರೆದಿಟ್ಟುಕೋ. ನಿನ್ನ ಕನಸಿನ ಪ್ರಾಂತ್ಯದ ಸೆಲ್‌ಗಳ ಸಂಖ್ಯೆಯಿಂದ ಅದನ್ನು ಗುಣಿಸು. ಬಂದ ಉತ್ತರವನ್ನು ನಂಬು, ಅದರಂತೆ ಕನಸನ್ನು ಕತ್ತರಿಸು.

ತಡೆ ಎಲ್ಲಿರಬೇಕು ಅಂತ ನೀನೇ ಆರಿಸು, ಎಂಜಿನ್ ನಿನಗಾಗಿ ಆರಿಸುವವರೆಗೆ ಬಿಡಬೇಡ. ಗಡಿ, ಸುರಂಗ, ದೋಣಿ, ಗವಿಯ ಬಾಯಿ, ಇವೆಲ್ಲ ನಿಲ್ಲಲು ಒಪ್ಪುವ ಜಾಗಗಳು. ಓಡುತ್ತಿರುವ ಕಾಳಗದ ನಡುವೆ ನಿಲ್ಲಿಸುವುದು ಒಪ್ಪುವುದಿಲ್ಲ. ದಟ್ಟ ಊರಿನ ಪಕ್ಕ ದಟ್ಟ ಕಾಡು ಇಡಬೇಡ, ನಡುವೆ ಒಂದು ದಿಣ್ಣೆ, ಒಂದು ತಿರುವು ಇಡು. ಆ ತಿರುವಿನಲ್ಲಿ ಆಟಗಾರ ನಡೆಯುವ ಹೊತ್ತೇ ಎಂಜಿನ್‌ಗೆ ಮುಂದಿನ ಸಾಲು ತೆರೆಯಲು ಸಿಗುವ ಬಿಡುವು.

ನಿನ್ನ ಒಳ್ಳೆಯ ಗ್ರಾಫಿಕ್ಸ್ ಕಾರ್ಡಿನ ಮೇಲೆ ಮಾತ್ರ ಪರೀಕ್ಷಿಸಿ ಸುಮ್ಮನಾಗಬೇಡ. ಹಾಸ್ಟೆಲ್‌ನಲ್ಲಿ ಗೆಳೆಯನ ಹತ್ತಿರ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಳೆ ಲ್ಯಾಪ್‌ಟಾಪ್ ಇದ್ದರೆ ಅದರಲ್ಲೂ ಓಡಿಸು. ಹೊಸ ಸೇವ್‌ನಲ್ಲಿ ಓಡಿಸು, ತುಂಬ ದಿನ ಆಡಿದ ಹಳೆ ಸೇವ್‌ನಲ್ಲೂ ಓಡಿಸು. ಸ್ಕೈರಿಮ್‌ನಲ್ಲಿ ಒಂದು ಫ್ರೇಮಿಗೆ ಸ್ಕ್ರಿಪ್ಟ್‌ಗಳಿಗೆಲ್ಲ ಸೇರಿ ಮೊದಲಿಗೆ ಗೊತ್ತುಮಾಡಿರುವ ಸಮಯ 1.2 ಮಿಲಿಸೆಕೆಂಡ್. ಅದನ್ನು ಎಲ್ಲ ಮಾಡ್‌ಗಳೂ ಹಂಚಿಕೊಳ್ಳಬೇಕು. ಸೆಕೆಂಡಿಗೊಮ್ಮೆ ಇಣುಕಿ ನೋಡುವ ಸ್ಕ್ರಿಪ್ಟ್ ಬರೆಯುವ ಬದಲು, ಘಟನೆ ನಡೆದಾಗ ಮಾತ್ರ ಏಳುವ ಸ್ಕ್ರಿಪ್ಟ್ ಬರೆ.

ಮಾಡ್ ಜೊತೆ ಒಂದು ಪುಟದ ವಿವರಣೆ ಇಡು. ಯಾವ ಸೆಲ್‌ಗಳನ್ನು ಮುಟ್ಟಿದ್ದೇನೆ, ಯಾವ ಮಾಡ್‌ಗಳ ಜೊತೆ ಹೊಂದುವುದಿಲ್ಲ, ನಡುವೆ ತೆಗೆದರೆ ಸೇವ್‌ಗೆ ಏನಾಗುತ್ತದೆ, ಇವು ಮೂರನ್ನೂ ಮುಚ್ಚುಮರೆಯಿಲ್ಲದೆ ಬರೆ. ಬೇರೆಯವರ ಮಾದರಿ, ಚಿತ್ರ, ಸ್ಕ್ರಿಪ್ಟ್ ಬಳಸಿದ್ದರೆ ಮೊದಲು ಅವರ ಅನುಮತಿ ಕೇಳು, ಹೆಸರು ಹಾಕು. ನಿನ್ನ ಕೆಲಸವನ್ನು ಬೇರೆಯವರು ಪ್ಯಾಚ್ ಮಾಡಲು ಬಯಸಿದರೆ ದೊಡ್ಡ ಮನಸ್ಸಿನಿಂದ ಒಪ್ಪಿಕೋ. ನೀನು ಈ ಕೆಲಸ ಬಿಟ್ಟ ಮೇಲೂ ನಿನ್ನ ಮಾಡ್ ಬದುಕಿ ಉಳಿಯುವುದು ಅಂಥ ಒಪ್ಪಿಗೆಯಿಂದಲೇ.

ಹೊಲಿಗೆಯೇ ಇಲ್ಲದ ಲೋಕ ಅನ್ನುವುದು ಯಾವ ಆಟದಲ್ಲೂ ಇಲ್ಲ. ಹೊಲಿಗೆಯನ್ನು ಎಲ್ಲಿ ಹಾಕಬೇಕು ಅಂತ ಬಲ್ಲವರು ಇದ್ದಾರೆ. ಆ ವಿದ್ಯೆ ಕಲಿಯಲು ದುಬಾರಿ ಯಂತ್ರ ಬೇಡ. ಆಟದ ಎಡಿಟರ್ ಉಚಿತವಾಗಿ ಸಿಗುತ್ತದೆ, ಲೆಕ್ಕಗಳು ನಾನು ಹೇಳಿದಷ್ಟೇ ಸರಳ. ಇವತ್ತೇ ಎಡಿಟರ್ ತೆರೆದು ಒಂದು ಸೆಲ್ ಆರಿಸಿಕೋ, ಅದನ್ನು ಮುಗಿಸು, ಮುಗಿಸಿದ್ದನ್ನು ಬಿಡುಗಡೆ ಮಾಡು. ಎರಡನೆಯ ಸೆಲ್ ಆಮೇಲೆ ಆಗಲಿ.